ನಾಲ್ಕನೆಯ ನೋಟ

ಅಕ್ಕಾ,

ಲಕೋಟೆಯ ಮೇಲಿನ ಅಕ್ಷರ ನೋಡಿಯೇ ಇದು ಯಾರದೆಂದು ನಿನಗೆ ಗೊತ್ತಾಗಿರುತ್ತದೆ. ಕಾಗೆಕಾಲು ಗುಬ್ಬಿಕಾಲು ಎಂದು ನೀನು ಬೈಯುತ್ತಿದ್ದ ಅದೇ ಅಕ್ಷರ, ವಯಸ್ಸಾದರೂ ದುಂಡಗಾಗಿಲ್ಲ. ತೆರೆಯದೆಯೇ ಹರಿದು ಬುಟ್ಟಿಗೆ ಹಾಕಬೇಕೆಂದು ನಿನಗೆ ಅನ್ನಿಸಿದ್ದರೂ ತಪ್ಪೇನಿಲ್ಲ. ಇಷ್ಟು ಓದಿದ್ದೀಯ ಅಂದರೆ ತೆರೆದಿದ್ದೀಯ. ಹಾಗಾದರೆ ಮೊದಲು ಒಂದು ಪ್ರಶ್ನೆ ಕೇಳಿಬಿಡುತ್ತೇನೆ. ಆ ದಿನ ಬೆಟ್ಟದ ಮೇಲೆ ನೀನು ಯಾವುದರ ಮೇಲೆ ಕೂತಿದ್ದೆ? ಬಿದ್ದ ಮರದ ಮೇಲೋ, ಪಕ್ಕದ ಚಪ್ಪಟೆ ಕಲ್ಲಿನ ಮೇಲೋ?

ನೀನು ಬಂದಿದ್ದೆಯೋ ಇಲ್ಲವೋ ಎಂದು ಕೇಳುತ್ತಿಲ್ಲ, ಗಮನಿಸು. ಹತ್ತೊಂಬತ್ತು ವರ್ಷ ಆ ಪ್ರಶ್ನೆಯನ್ನು ನನಗೆ ನಾನೇ ಕೇಳಿಕೊಂಡು, ಉತ್ತರವನ್ನೂ ನಾನೇ ಕೊಟ್ಟುಕೊಂಡು, ಅದೇ ಸರಿ ಎಂದು ಊರೆಲ್ಲ ಹೇಳಿಕೊಂಡು ಬಂದೆ. ಆ ಉತ್ತರ ತಪ್ಪು. ನೀನು ಬಂದಿದ್ದೆ. ಮೂರು ಗಂಟೆ ಕೂತಿದ್ದೆ. ಇದು ನನಗೆ ಹೇಗೆ ತಿಳಿಯಿತೆಂಬುದನ್ನು ಮೊದಲಿನಿಂದ ಹೇಳುತ್ತೇನೆ. ಕೊನೆ ಗೊತ್ತಿದ್ದರೂ ಕಥೆಯನ್ನು ಪೂರ್ತಿ ಕೇಳುವ ಸ್ವಭಾವ ನಿನ್ನದು, ಅದಾದರೂ ಬದಲಾಗಿಲ್ಲ ಅಂದುಕೊಳ್ಳುತ್ತೇನೆ.

ಹೋದ ಭಾನುವಾರದ ಹಿಂದಿನ ಭಾನುವಾರ ಪಿಟೀಲು ನನ್ನನ್ನು ಬೆಟ್ಟ ಹತ್ತಿಸಿದಳು. ಹೌದು, ಅವಳನ್ನು ಈಗಲೂ ಮನೆಯಲ್ಲಿ ಪಿಟೀಲು ಎಂದೇ ಕರೆಯುತ್ತೇವೆ. ಮಗುವಾಗಿದ್ದಾಗ ಒಂದೇ ಸಮನೆ ರಾಗ ಎಳೆಯುತ್ತಿದ್ದಳೆಂದು ನೀನಿಟ್ಟ ಹೆಸರು. ಆಮೇಲೆ ನಿನ್ನ ಎಲ್ಲವನ್ನೂ ಮನೆಯಿಂದ ಆಚೆ ಹಾಕಿದ ನನಗೆ ಆ ಹೆಸರನ್ನು ಮಾತ್ರ ಹಾಕಲಾಗಲಿಲ್ಲ. ಈಗ ಅವಳಿಗೆ ಇಪ್ಪತ್ತಮೂರು. ಲಿಫ್ಟ್ ರಿಪೇರಿ ಮಾಡುವ ಕಂಪನಿಯಲ್ಲಿ ಕೆಲಸ. ಎಣ್ಣೆ ಮೆತ್ತಿದ ಕೈ, ಸೊಂಟದಲ್ಲಿ ಸ್ಪ್ಯಾನರು, ಬಾಯಿಗೆ ಬ್ರೇಕಿಲ್ಲ. ಆ ದಿನ ಬೆಳಿಗ್ಗೆ ಫೋನು ಹಿಡಿದುಕೊಂಡು ಅಡುಗೆಮನೆಗೆ ಬಂದು, "ವಾರವೆಲ್ಲ ಬೇರೆಯವರು ಕಾಲು ನೋಯಿಸ್ಕೊಳ್ದೆ ಮೇಲೆ ಹೋಗ್ಲಿ ಅಂತ ದುಡೀತೀನಿ. ಇವತ್ತು ನಾವು ಕಾಲು ನೋಯಿಸ್ಕೊಳ್ಳೋಣ. ಒಂದು ದಾರಿ ಸಿಕ್ಕಿದೆ ಅಮ್ಮಾ. ಹನ್ನೊಂದು ಕಿಲೋಮೀಟರು, ಸುತ್ತುದಾರಿ, ಮಧ್ಯಮ ಅಂತ ಬರ್ದಿದ್ದಾರೆ. ದಾರಿ ಉದ್ದಕ್ಕೂ ಕೆರೆ ಕಾಣ್ಸುತ್ತಂತೆ" ಎಂದಳು.

ಫೋನಿನಲ್ಲಿದ್ದ ನಕ್ಷೆ ನೋಡಿದೆ. ಅದೇ ದಾರಿ. ಬೇರೆ ಯಾವುದಾದರೂ ಬೆಟ್ಟಕ್ಕೆ ಹೋಗೋಣ ಎನ್ನಲು ಬಾಯಿ ತೆರೆದೆ. ಮಂಡಿ ನೋವು ಎನ್ನಬಹುದಿತ್ತು, ಅದು ಸುಳ್ಳೂ ಆಗುತ್ತಿರಲಿಲ್ಲ. ಆದರೆ ಇಷ್ಟು ವರ್ಷ ನಾನು ಅರ್ಧ ಮಾತ್ರ ನಡೆದಿದ್ದ ದಾರಿ ಅದೊಂದೇ. ಉಳಿದರ್ಧದಲ್ಲಿ ಏನಿದೆ ಎಂಬ ಕುತೂಹಲ ನನ್ನನ್ನು ಯಾವತ್ತೂ ಬಿಟ್ಟಿರಲಿಲ್ಲ. ಕುತೂಹಲಕ್ಕೆ ಮಾನ ಮರ್ಯಾದೆ ಎಂಬುದು ಇರುವುದಿಲ್ಲವಲ್ಲ. ಬ್ರೆಡ್ಡು, ಬೇಯಿಸಿದ ಮೊಟ್ಟೆ, ನೀರು ಕಟ್ಟಿಕೊಂಡು ಹೊರಟೆ.

'ಮಧ್ಯಮ' ಎಂಬ ಆ ಪದ ನೆನೆದು ಬಸ್ಸಿನಲ್ಲಿ ಕೂತು ಒಬ್ಬಳೇ ನಕ್ಕೆ. ಯಾಕೆಂದು ಪಿಟೀಲು ಕೇಳಿದಳು, ಹೇಳಲಿಲ್ಲ. ನಿನಗೆ ಹೇಳಬೇಕಾಗಿಯೇ ಇಲ್ಲ. ಬೈಂಡಿಂಗ್ ಅಂಗಡಿಯ ಮೇಲಿನ ಆ ಎರಡು ಕೋಣೆ, ಕೆಳಗಿನಿಂದ ಬರುತ್ತಿದ್ದ ಅಂಟಿನ ವಾಸನೆ, ಒಂದು ಕಾಲು ಗಿಡ್ಡವಾಗಿ ಕೆಳಗೆ ರಟ್ಟು ಮಡಚಿಟ್ಟಿದ್ದ ಉದ್ದನೆಯ ಮೇಜು. ಆ ಮೇಜಿನ ಒಂದು ತುದಿಯಲ್ಲಿ ನೀನು ನಕ್ಷೆ ಬರೆಯುತ್ತಿದ್ದೆ, ಇನ್ನೊಂದು ತುದಿಯಲ್ಲಿ ನಾನು ಮಾತು ಬರೆಯುತ್ತಿದ್ದೆ. ನಡೆಯುವವರಿಗಾಗಿ ಜೇಬಿನಲ್ಲಿ ಹಿಡಿಯುವಂಥ ಕೈಪಿಡಿಗಳು. ಪ್ರತಿ ಬೆಟ್ಟವನ್ನೂ ನಾವಿಬ್ಬರೂ ಎದುರು ಬದುರು ದಿಕ್ಕಿನಿಂದ ನಡೆಯುತ್ತಿದ್ದೆವು, ಯಾಕೆಂದರೆ ಒಬ್ಬಳಿಗೆ ಏರು ಅನ್ನಿಸಿದ್ದು ಇನ್ನೊಬ್ಬಳಿಗೆ ಇಳಿಜಾರು. ನೀನು 'ಸುಲಭ' ಎಂದು ಬರೆಯುತ್ತಿದ್ದೆ, ನಾನು ಏದುಸಿರು ಬಿಡುತ್ತ 'ಕಷ್ಟ' ಎಂದು ಬರೆಯುತ್ತಿದ್ದೆ. ಅರ್ಧ ದಿನ ಕಚ್ಚಾಡಿ ಕೊನೆಗೆ 'ಮಧ್ಯಮ' ಎಂದು ಅಚ್ಚಿಗೆ ಕಳಿಸುತ್ತಿದ್ದೆವು. ನಮ್ಮ ಕೈಪಿಡಿಗಳಲ್ಲಿ ಎಲ್ಲೆಲ್ಲಿ ಆ ಪದ ಇದೆಯೋ ಅಲ್ಲೆಲ್ಲ ನಾವಿಬ್ಬರೂ ಜಗಳವಾಡಿದ್ದೇವೆ.

ನಡೆಯುವಾಗ ದಾರಿಯ ನೋಟಗಳನ್ನು ಎಣಿಸುವುದಕ್ಕೆ ನಾನು ಮಾಡಿದ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ನೀರು, ಕಣಿವೆ, ಗೋಪುರ, ಏನೇ ಇರಲಿ, ಮುಂದೆ ನಡೆಯುವವಳ ಕಣ್ಣಿಗೆ ತಾನಾಗಿ ಬಿದ್ದರೆ ಮಾತ್ರ ಅದು 'ನೋಟ'. ಹಿಂದಿರುಗಿ ನೋಡುವಂತಿಲ್ಲ. ಪುಸ್ತಕ ಹಿಡಿದು ನಡೆಯುವವನು ಹೆಜ್ಜೆಗೊಮ್ಮೆ ಕತ್ತು ತಿರುಗಿಸುತ್ತಾನೆಯೇ ಎಂಬುದು ನನ್ನ ವಾದ. ನೀನು "ನಿನ್ನ ಕಾನೂನು ನೀನೇ ಇಟ್ಕೋ" ಎಂದು ಗೊಣಗುತ್ತಿದ್ದೆ, ಆದರೆ ಪಾಲಿಸುತ್ತಿದ್ದೆ. ಒಂದೊಂದು ನೋಟಕ್ಕೂ ಒಂದೊಂದು ಅಂಗಿ ಗುಂಡಿಯನ್ನು ಎಡ ಜೇಬಿನಿಂದ ಬಲ ಜೇಬಿಗೆ ಹಾಕಿಕೊಳ್ಳುತ್ತಿದ್ದೆವು. ಮನೆಗೆ ಬಂದು ಇಬ್ಬರ ಎಣಿಕೆಯನ್ನೂ ಮೇಜಿನ ಮೇಲೆ ಪಕ್ಕ ಪಕ್ಕ ಇಟ್ಟು ನೋಡುತ್ತಿದ್ದೆವು. ಎಷ್ಟೋ ಸಲ ತಾಳೆಯಾಗುತ್ತಿರಲಿಲ್ಲ. ಆಗ ಇಬ್ಬರೂ ಮತ್ತೆ ಹೋಗಿ ನೋಡಿ ಬರುತ್ತಿದ್ದೆವು. ಈ ವಿಷಯ ನಮ್ಮಿಬ್ಬರಷ್ಟು ಚೆನ್ನಾಗಿ ಬಲ್ಲವರು ಪ್ರಪಂಚದಲ್ಲೇ ಯಾರೂ ಇರಲಿಲ್ಲ ಎಂಬುದನ್ನು ನೆನಪಿಟ್ಟುಕೋ, ಮುಂದೆ ಬೇಕಾಗುತ್ತದೆ.

ಆಮೇಲೆ ಪಿಟೀಲು ಹುಟ್ಟಿದಳು. ಅವಳಪ್ಪ ಹಡಗಿನ ಅಡುಗೆಯವನಾಗಿ ವರ್ಷಕ್ಕೆ ಹತ್ತು ತಿಂಗಳು ನೀರಿನ ಮೇಲಿರುತ್ತಿದ್ದ ಮನುಷ್ಯ. ನಡೆಯುವ ಕೆಲಸ ಬಿಟ್ಟರೆ ಕೈಪಿಡಿಗಳು ನಿಲ್ಲುತ್ತಿದ್ದವು. ಯಾರೂ ಕೇಳದೆಯೇ ನೀನು ನಡೆಯುವುದನ್ನು ಬಿಟ್ಟು ಮನೆಯಲ್ಲಿ ನಿಂತೆ. ಬೆಟ್ಟ ಹತ್ತುವುದೆಂದರೆ ಪ್ರಾಣ ಬಿಡುತ್ತಿದ್ದವಳು ನೀನು, ನಾನಲ್ಲ. ಆದರೂ ನಾನು ವಾರಕ್ಕೆ ಮೂರು ದಿನ ಹೊರಗೆ, ನೀನು ಏಳು ದಿನವೂ ಮೇಜಿನ ಮುಂದೆ, ನಿನ್ನ ಕಾಲ ಮೇಲೆ ನನ್ನ ಮಗು. ನಾಲ್ಕು ವರ್ಷ ಹೀಗೆ ನಡೆಯಿತು. ಅದರಲ್ಲಿ ನನಗೆ ಒಂದು ದಿನವೂ ಏನೂ ಅನ್ನಿಸಲಿಲ್ಲ ಎಂದು ಈಗ ಹೇಳಿಕೊಳ್ಳುವುದಕ್ಕೆ ನಾಚಿಕೆಯಾಗುತ್ತದೆ.

ಅನ್ನಿಸಿದ್ದು ಒಂದೇ ದಿನ, ಅದೂ ತಪ್ಪಾಗಿ. ನಾನು ಎರಡು ದಿನದ ನಡಿಗೆ ಮುಗಿಸಿ ಮೆಟ್ಟಿಲು ಹತ್ತಿ ಬಂದೆ. ಪಿಟೀಲು ಓಡಿ ಬಂದವಳು ಹೊಸ್ತಿಲಿಗೆ ಎಡವಿ ಬಿದ್ದಳು. ಮಂಡಿ ತರಚಿ ರಕ್ತ ಬಂತು. ನಾನು ಚೀಲ ಬಿಸಾಕಿ ಎರಡೂ ಕೈ ಚಾಚಿ ಕೂತೆ. ಅವಳು ಎದ್ದು, ನನ್ನ ಕೈಗೆ ಬೆನ್ನು ತಿರುಗಿಸಿ, "ಅಮ್ಮಾ" ಎಂದು ಅಳುತ್ತ ನಿನ್ನ ಹತ್ತಿರ ಹೋದಳು. ನಿನ್ನನ್ನು ಅವಳು ಆಗೀಗ ಹಾಗೆ ಕರೆಯುತ್ತಿದ್ದಳೆಂದೂ, ಪ್ರತಿ ಸಲವೂ ನೀನು "ದೊಡ್ಡಮ್ಮ ಅನ್ನು, ಅಮ್ಮ ಸಂಜೆ ಬರ್ತಾಳೆ" ಎಂದು ತಿದ್ದುತ್ತಿದ್ದೆಯೆಂದೂ ಕೆಳಗಿನ ಬೈಂಡಿಂಗ್ ಅಂಗಡಿಯವರು ವರ್ಷಗಳ ಮೇಲೆ ನನಗೆ ಹೇಳಿದರು. ಆ ಹೊತ್ತಿನಲ್ಲಿ ನನಗೆ ಕಂಡದ್ದು ನಿನ್ನ ಕುತ್ತಿಗೆಗೆ ಬಿದ್ದಿದ್ದ ಆ ಎರಡು ಪುಟ್ಟ ಕೈ ಮಾತ್ರ.

ಆಗ ನಾನು ಆಡಿದ ಮಾತು ನಿನಗೆ ಮರೆತಿರಲಾರದು. ನಾನು ಅದನ್ನು ಇಲ್ಲಿ ಬರೆಯಲೇಬೇಕು, ಇಲ್ಲದಿದ್ದರೆ ಈ ಪತ್ರಕ್ಕೆ ಅರ್ಥವಿಲ್ಲ. "ನಿನಗೆ ಮಕ್ಕಳಿಲ್ಲ ಅಂತ ನನ್ನ ಮಗೂನ ನಿಂದು ಮಾಡ್ಕೋಬೇಡ" ಎಂದೆ. ನೀನು ಮಗುವಿನ ಮಂಡಿ ತೊಳೆದು ಪಟ್ಟಿ ಕಟ್ಟಿ ನನ್ನ ಕೈಗೆ ಕೊಟ್ಟೆ. ಮರುದಿನವೇ ನಾನು ಊರಿನ ಇನ್ನೊಂದು ತುದಿಯಲ್ಲಿ ಮನೆ ಹಿಡಿದೆ. ಪಿಟೀಲು ಹದಿನೈದು ದಿನ ಸರಿಯಾಗಿ ಊಟ ಮಾಡದೆ ರಾಗ ಎಳೆದಳು. ಹದಿನಾರನೇ ದಿನ ನಿಲ್ಲಿಸಿದಳು. ನಿಲ್ಲಿಸಿದ್ದಕ್ಕೇ ನನಗೆ ಹೆಚ್ಚು ಹೆದರಿಕೆಯಾದದ್ದು, ಅದಕ್ಕೇ ಸೋದರಮಾವನ ಹತ್ತಿರ ಓಡಿದೆ.

ಮಾವ ಗೊತ್ತಲ್ಲ, ಮೂವತ್ತು ವರ್ಷ ರೈಲಿನಲ್ಲಿ ಟಿಕೆಟ್ ನೋಡಿದವರು. ಟಿಕೆಟ್ ಇಲ್ಲದ ಯಾರ ಮಾತನ್ನೂ ನಂಬುವವರಲ್ಲ. ಅವರೇ ಈ ಉಪಾಯ ಮಾಡಿದ್ದು. "ಆ ಕೆರೆ ದಾರಿ ಹೇಗಿದ್ರೂ ಅಳೀಬೇಕಲ್ಲ, ಒಬ್ಬಳು ಎಡಗಡೆಯಿಂದ ಹೋಗ್ಲಿ, ಒಬ್ಬಳು ಬಲಗಡೆಯಿಂದ. ನಡುವೆ ಸಿಕ್ಕಿ ಮಾತಾಡ್ಕೊಳ್ಳಿ. ಮನೇಲಾದ್ರೆ ಕೂಗಾಡ್ತೀರಿ, ಬೆಟ್ಟದ ಮೇಲೆ ಕೂಗಾಡೋಕೆ ಉಸಿರಿರಲ್ಲ" ಎಂದರು. ಆ ದಾರಿಯಲ್ಲಿ ಸರೋವರ ಏಳು ಕಡೆ ಕಾಣುತ್ತದೆಂದು ಕಾಡಿನ ಕಾವಲುಗಾರನೊಬ್ಬ ಎಣಿಸಿ ಕೊಟ್ಟಿದ್ದ. ಏಳರಲ್ಲಿ ನಾಲ್ಕನೆಯದು ಯಾವ ಕಡೆಯಿಂದ ಎಣಿಸಿದರೂ ನಡುವಿನದೇ. ನಾಲ್ಕನೆಯ ನೋಟದಲ್ಲಿ ಕಾಯುವುದು, ಮಾತು ಬೇಡ ಅನ್ನಿಸಿದವಳು ಬರುವುದೇ ಬೇಡ, ಎಂದು ಗೊತ್ತು ಮಾಡಿದೆವು. ನೀನು ಎಂಟರ ಬಸ್ಸಿಗೆ, ನಾನು ಒಂಬತ್ತರ ಬಸ್ಸಿಗೆ, ಕೆಳಗೆ ಮುಖ ಮುಖ ನೋಡಿಕೊಂಡು ಅಲ್ಲೇ ಶುರುವಾಗಬಾರದೆಂದು.

ನಾನು ಎಡಗಡೆಯಿಂದ ಹತ್ತಿದೆ. ದಾರಿಯುದ್ದಕ್ಕೂ ನಿನಗೆ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ. ನಾಲ್ಕನೆಯ ನೋಟ ಬಂತು. ಒಂದು ಬಂಡೆ, ಅದರಾಚೆ ಸರೋವರದ ಒಂದು ತೋಳು, ದಡದಲ್ಲಿ ಕೆಂಪು ಹೆಂಚಿನ ಪಂಪ್ ಮನೆ. ಬಂಡೆಯ ಮೇಲೆ ಕೂತೆ. ಒಂದು ಗಂಟೆ ನಿನಗೆ ಕಾಲು ನೋವಿರಬಹುದು ಅಂದುಕೊಂಡೆ. ಎರಡನೆಯ ಗಂಟೆ ಬಸ್ಸು ತಪ್ಪಿರಬಹುದು ಅಂದುಕೊಂಡೆ. ಮೂರನೆಯ ಗಂಟೆಯಲ್ಲಿ ನೀನು ಬರುವುದಿಲ್ಲ ಎಂದು ಗೊತ್ತಾಯಿತು. ಬಾಯಿಪಾಠ ಮಾಡಿದ್ದೆಲ್ಲ ನುಂಗಿಕೊಂಡು ಬಂದ ದಾರಿಯಲ್ಲೇ ಇಳಿದುಬಿಟ್ಟೆ.

ಆಮೇಲೆ ಮಾವನ ಮನೆಯ ಮುಂದಿನ ಕೋಣೆಯಲ್ಲಿ ನಡೆದದ್ದು ನಿನಗೆ ಅರ್ಧ ಗೊತ್ತು, ನನಗೆ ಅರ್ಧ ಗೊತ್ತು. ಮರುದಿನ ನಾನು ಹೋಗಿ, ಅವಳು ಬರಲಿಲ್ಲ ಎಂದೆ. ನೀನು ಹಿಂದಿನ ಸಂಜೆಯೇ ಹೋಗಿ, ಮೂರು ಗಂಟೆ ಕಾದರೂ ಅವಳು ಬರಲಿಲ್ಲ ಎಂದಿದ್ದೆಯಂತೆ. "ಇಬ್ರೂ ಬಂದಿದ್ವಿ ಅಂತೀರಿ. ಹಾಗಾದ್ರೆ ಬರದೇ ಇದ್ದವಳು ಯಾರು, ನಾನಾ?" ಎಂದು ಮಾವ ತಲೆ ಚಚ್ಚಿಕೊಂಡರು. ನೀನು ಕೂತಲ್ಲಿಂದ ಏನು ಕಾಣುತ್ತಿತ್ತೆಂದು ನಿನ್ನನ್ನು ಕೇಳಿ ಬಂದು ನನಗೆ ಹೇಳಿದರು. ಬಿದ್ದ ಮರ. ಎದುರಿಗೆ ದ್ವೀಪ, ಎರಡು ತುಂಡಾಗಿ ಕಾಣುತ್ತದೆ, ಒಂದು ತುಂಡಿನ ಮೇಲೆ ಒಂದೇ ಮರ. ನಾನು ಎದ್ದು ನಿಂತು ನಕ್ಕೆ. "ದ್ವೀಪವೇ? ಅಲ್ಲಿಂದ ದ್ವೀಪವೇ ಕಾಣ್ಸಲ್ಲ ಮಾವ! ಅವಳು ಹೋಗೇ ಇಲ್ಲ. ಯಾರನ್ನೋ ಕೇಳ್ಕೊಂಡು ಬಂದು ಹೇಳ್ತಿದ್ದಾಳೆ" ಎಂದೆ. ನೀನು ಸುಮ್ಮನೆ ಬರದೇ ಇದ್ದಿದ್ದರೆ ಇನ್ನೊಂದು ಸಲ ಕರೆಯುತ್ತಿದ್ದೆನೇನೋ. ಬರದೆಯೇ ಬಂದೆ ಎಂದು ಸುಳ್ಳು ಹೇಳಿದಳಲ್ಲ ಎಂಬುದು ನನ್ನ ಹೊಟ್ಟೆಯೊಳಗೆ ಕೂತುಬಿಟ್ಟಿತು. ನನ್ನ ಪಂಪ್ ಮನೆಯ ಸುದ್ದಿ ಕೇಳಿ ನೀನೂ ಇದನ್ನೇ ಅಂದೆಯೆಂದು ಆಮೇಲೆ ತಿಳಿಯಿತು. ಆ ತಿಂಗಳೇ ನೀನು ಬೇರೆ ಊರಿನ ಶಾಲೆಯಲ್ಲಿ ಚಿತ್ರಕಲೆ ಕಲಿಸುವ ಕೆಲಸ ಹಿಡಿದು ಹೋದೆ. ಕೈಪಿಡಿಗಳು ನಿಂತವು. ನಾನು ಅಂಚೆ ಕಚೇರಿಯ ಕೌಂಟರಿನ ಹಿಂದೆ ಸೇರಿಕೊಂಡೆ.

ಈಗ ಆ ಭಾನುವಾರಕ್ಕೆ ಬರುತ್ತೇನೆ. ದಾರಿ ಶುರುವಾಗುವಲ್ಲಿ ಹೊಸ ಫಲಕ ಹಾಕಿದ್ದಾರೆ. ಎಡಗಡೆಯ ಏರು ಒಂದು ಮಳೆಗಾಲದಲ್ಲಿ ಕುಸಿದಿತ್ತಂತೆ, ಈಗ ಎಲ್ಲರೂ ಬಲಗಡೆಯಿಂದ ಹತ್ತಿ ಎಡಗಡೆಯಿಂದ ಇಳಿಯಬೇಕೆಂದು ದೊಡ್ಡ ಬಾಣದ ಗುರುತು. ಬಲಗಡೆ ನಿನ್ನ ಕಡೆ. ನಿನ್ನ ದಾರಿಯಲ್ಲಿ ನಾನು ಒಂದು ಹೆಜ್ಜೆಯನ್ನೂ ಇಟ್ಟವಳಲ್ಲ. ಹತ್ತು ನಿಮಿಷ ಹತ್ತುವಷ್ಟರಲ್ಲಿ ಅರ್ಥವಾಯಿತು, ನೀನು ಯಾವಾಗಲೂ ಒಳ್ಳೆಯ ಕಡೆಯನ್ನೇ ಆರಿಸಿಕೊಳ್ಳುತ್ತಿದ್ದೆ ಎಂದು. ಹುಲ್ಲು ಹಾಸಿದಂಥ ನಿಧಾನದ ಏರು. 'ಸುಲಭ' ಎಂದು ಬರೆಯುತ್ತಿದ್ದದ್ದು ಸುಮ್ಮನೆ ಅಲ್ಲ ಕಳ್ಳಿ.

ಹಳೆಯ ಚಾಳಿ ಬಿಡುತ್ತದೆಯೇ? ಎಣಿಸತೊಡಗಿದೆ. ಗುಂಡಿಗಳಿರಲಿಲ್ಲ, ಬೆರಳು ಮಡಚಿದೆ. ಮೊದಲನೆಯ ನೋಟ ಮರಗಳ ಮೇಲಿನಿಂದ, ಸರೋವರ ಪೂರ್ತಿ, ಬೆಳಗಿನ ಬಿಸಿಲು ಬಿದ್ದು ಕಣ್ಣು ಬಿಡಲಾಗಲಿಲ್ಲ. ಮುಂದೆ ಒಂದು ತಿರುವಿನಲ್ಲಿ ಎರಡು ದೊಡ್ಡ ಬಂಡೆ, ನಡುವೆ ಬಾಗಿಲಷ್ಟು ಅಗಲದ ಸಂದು. ಆ ಸಂದಿನಲ್ಲಿ ನೀಲಿಯ ಒಂದು ಪಟ್ಟಿ. "ಇದನ್ನ ಎಣಿಸ್ಬೇಕಾ ಬೇಡ್ವಾ?" ಎಂದು ನನ್ನಷ್ಟಕ್ಕೆ ಗೊಣಗಿದೆ. ನೀರು ಕುಡಿಯುತ್ತಿದ್ದ ಪಿಟೀಲು, "ನೀರು ಕಾಣ್ತಾ ಇದೆ ತಾನೆ? ಹಾಗಾದ್ರೆ ಎಣಿಸು. ಯಾರಪ್ಪನ ಮನೆ ಗಂಟು ಹೋಗುತ್ತೆ?" ಎಂದಳು. ನೀನೂ ಹಾಗೇ ಅನ್ನುತ್ತಿದ್ದೆ. ಎರಡು. ಆಮೇಲೆ ಕಾಲು ಗಂಟೆಗೆಲ್ಲ ಮೂರು. ಆಮೇಲೆ ಒಂದು ಸಣ್ಣ ಕಾಡು ದಾಟಿದೆವು. ಕಾಡಿನಾಚೆ ಬಯಲು, ಬಯಲಿನ ಅಂಚಿನಲ್ಲಿ ಅರ್ಧ ಮಣ್ಣಾದ ಒಂದು ಮರದ ದಿಮ್ಮಿ, ಪಕ್ಕದಲ್ಲಿ ಚಪ್ಪಟೆ ಕಲ್ಲು.

ನಾಲ್ಕು, ಎಂದು ಬೆರಳು ಮಡಚುತ್ತ ತಲೆ ಎತ್ತಿದೆ. ಎದುರಿಗೆ ದ್ವೀಪ. ಎರಡು ತುಂಡಾಗಿ. ಒಂದು ತುಂಡಿನ ಮೇಲೆ ಒಂದೇ ಮರ.

ಎಷ್ಟು ಹೊತ್ತು ನಿಂತಿದ್ದೆನೋ ಗೊತ್ತಿಲ್ಲ. ಪಿಟೀಲು ಬಂದು ಭುಜ ಅಲ್ಲಾಡಿಸಿ, "ಅಮ್ಮಾ, ಎದೆ ನೋವಾ?" ಎಂದು ಕೇಳಿದಳು. ಅಲ್ಲ ಎಂದು ತಲೆಯಾಡಿಸಿದೆ. ಮೊದಲು ಬಂದ ಯೋಚನೆ ಏನು ಗೊತ್ತೇ? ಅಕ್ಕ ತಪ್ಪು ಜಾಗದಲ್ಲಿ ಕೂತಿದ್ದಳು, ಎಂದು. ಆಗಲೂ ತಪ್ಪು ನಿನ್ನದೇ. ನನ್ನ ಬುದ್ಧಿಗೆ ಏನು ಹೇಳಲಿ! ಮುಂದೆ ಹೋಗಿ ನೋಡೋಣ ಎಂದು ಅವಳನ್ನು ಎಳೆದುಕೊಂಡು ಬಿರಬಿರನೆ ನಡೆದೆ. ಗಡಿಯಾರ ನೋಡಿಕೊಂಡೇ ಹೋದೆ. ಇಪ್ಪತ್ತೆರಡು ನಿಮಿಷಕ್ಕೆ ನನ್ನ ಬಂಡೆ ಬಂತು. ಪಂಪ್ ಮನೆಯ ಹೆಂಚು ಹಾರಿಹೋಗಿದೆ, ಗೋಡೆ ಹಾಗೇ ಇದೆ. ನನ್ನ ನಾಲ್ಕನೆಯ ನೋಟ. ನಿನ್ನ ಕಡೆಯಿಂದ ಬಂದವಳಿಗೆ ಅದು ಐದನೆಯದು.

ಬಂಡೆಯ ಮೇಲೆ ಕೂತು ಪಿಟೀಲಿಗೆ ಎಲ್ಲವನ್ನೂ ಹೇಳಿದೆ. ಹೊಸ್ತಿಲಿನ ಕಥೆಯನ್ನೂ, ನಾನು ಆಡಿದ ಮಾತನ್ನೂ ಬಿಡದೆ. ಇಷ್ಟು ವರ್ಷ ಅವಳಿಗೆ ಗೊತ್ತಿದ್ದದ್ದು, ದೊಡ್ಡಮ್ಮ ಒಬ್ಬರಿದ್ದಾರೆ, ಅಮ್ಮನಿಗೂ ಅವರಿಗೂ ಮಾತಿಲ್ಲ, ಅಷ್ಟೇ. ಅವಳು ಅಳುತ್ತಾಳೋ ರೇಗುತ್ತಾಳೋ ಎಂದು ಮುಖ ನೋಡುತ್ತಿದ್ದೆ. ಅವಳು ಯಂತ್ರ ಬಿಚ್ಚಿ ನೋಡುವವಳ ಹಾಗೆ ಹುಬ್ಬು ಗಂಟಿಕ್ಕಿಕೊಂಡು, "ಏಳು ಅಂತ ಎಣಿಸಿದ ಕಾವಲುಗಾರ ಯಾವ ಕಡೆಯಿಂದ ಹೋಗಿದ್ದ?" ಎಂದು ಕೇಳಿದಳು. ಎಡಗಡೆಯಿಂದ, ನನ್ನ ಕಡೆಯಿಂದ. "ಹಾಗಾದ್ರೆ ಈ ಬಂಡೆ ಆದ್ಮೇಲೆ ಅವನಿಗೆ ಮೂರು ಕಂಡಿದೆ. ನಮಗೆ ಆ ಕಡೆಯಿಂದ ಬರ್ತಾ ನಾಲ್ಕು ಕಂಡ್ವು. ಒಂದು ಜಾಸ್ತಿ. ಯಾವುದು ಅಂತ ನೋಡ್ಕೊಂಡು ಬರ್ತೀನಿ, ನೀನಿಲ್ಲೇ ಕೂತ್ಕೋ" ಎಂದು ಎದ್ದೇಬಿಟ್ಟಳು. ಬಾಣದ ಗುರುತಿಗೆ ವಿರುದ್ಧ ಹೋಗಬಾರದು ಎಂದು ಯಾರೋ ಹೇಳಿದ್ದಕ್ಕೆ, "ಮನೆ ಕೆಲಸ ಇದೆ ಸಾರ್, ಹಳೇದು" ಎನ್ನುತ್ತ ಓಡಿದ್ದು ಕೇಳಿಸಿತು.

ಅದೇ ಬಂಡೆಯ ಮೇಲೆ ಮತ್ತೆ ಕಾದೆ. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಒಂದು ಗಂಟೆ ಕಳೆಯಿತು, ಒಂದೂವರೆ ಆಯಿತು. ಬ್ರೆಡ್ಡು ಬಿಚ್ಚಿ ಮತ್ತೆ ಕಟ್ಟಿದೆ. ಆ ಬಯಲಿನಲ್ಲಿ ನೀನು ಮೂರು ಗಂಟೆ ಏನು ಮಾಡುತ್ತಿದ್ದಿರಬಹುದು ಎಂದು ಮೊದಲ ಬಾರಿಗೆ ಯೋಚಿಸಿದೆ. ನೀನು ಬರುವಾಗ ಏನನ್ನಾದರೂ ಬಾಯಿಪಾಠ ಮಾಡಿಕೊಂಡು ಬಂದಿದ್ದೆಯಾ? ತಿನ್ನಲು ತಂದಿದ್ದೆಯಾ, ಒಬ್ಬಳಿಗೋ ಇಬ್ಬರಿಗೋ? ನಾಲ್ಕು ವರ್ಷ ಬೆಟ್ಟ ಹತ್ತದೆ ಇದ್ದವಳು, ನಿನಗೆ ಉಸಿರು ಕಟ್ಟಲಿಲ್ಲವಾ? ನನಗೆ ಇದೆಲ್ಲ ತಿಳಿಯಬೇಕು ಅಕ್ಕ. ನಿನ್ನ ಮೇಲೆ ಕೋಪ ಇದ್ದಷ್ಟು ಕಾಲ ನಿನ್ನ ವಿಷಯ ಎಲ್ಲ ಗೊತ್ತು ಅಂದುಕೊಂಡಿದ್ದೆ.

ಪಿಟೀಲು ಬೆವರು ಸುರಿಸಿಕೊಂಡು ಬಂದಳು. "ಆ ಎರಡು ಬಂಡೆ ಸಂದು ಅಮ್ಮ. ಈ ಕಡೆಯಿಂದ ಹೋದ್ರೆ ಸುಮ್ನೆ ಎರಡು ಬಂಡೆ, ಅಷ್ಟೇ. ದಾಟಿ ಆದ್ಮೇಲೆ ಕತ್ತು ಹಿಂದೆ ತಿರುಗಿಸಿದ್ರೆ ಕೆರೆ ಕಾಣ್ಸುತ್ತೆ" ಎಂದಳು. ನಿನ್ನ ಕಣ್ಣ ಮುಂದಿದ್ದದ್ದು ನನ್ನ ಕಡೆಯಿಂದ ಹೋಗುವವರಿಗೆ ಬೆನ್ನ ಹಿಂದೆ. ಕಾವಲುಗಾರನೂ ಹಿಂದಿರುಗಿ ನೋಡಿರಲಿಲ್ಲ. ಹಾಗಾಗಿ ಅವನಿಗೆ ಏಳು, ನೀನು ಪೂರ್ತಿ ನಡೆದಿದ್ದರೆ ನಿನಗೆ ಎಂಟು. ನೀನು ಒಂದನ್ನೂ ಬಿಡದೆ ಸರಿಯಾಗಿ ಎಣಿಸಿದ್ದೆ. ನಾನೂ ಸರಿಯಾಗಿ ಎಣಿಸಿದ್ದೆ. ಮೇಜಿನ ಮೇಲೆ ಎರಡು ಎಣಿಕೆ ಪಕ್ಕ ಪಕ್ಕ ಇಟ್ಟಿದ್ದರೆ ಎರಡೇ ನಿಮಿಷದಲ್ಲಿ ನಮಗೆ ಹೊಳೆಯುತ್ತಿತ್ತು. ಇಂಥದ್ದನ್ನು ನಾವು ಹತ್ತಾರು ಸಲ ಕಂಡುಹಿಡಿದವರು. ಆ ಒಂದು ಸಲ ಮಾತ್ರ ಎಣಿಕೆಗಳನ್ನು ಮೇಜಿನ ಮೇಲಿಡುವ ಬದಲು ಮಾವನ ಕೈಯಲ್ಲಿ ಒಬ್ಬರ ಮೇಲೊಬ್ಬರು ಎಸೆದೆವು.

ನನಗೆ ಒಳಗೊಳಗೇ ಸಮಾಧಾನವಾಗತೊಡಗಿತ್ತು. ನನ್ನದೂ ತಪ್ಪಲ್ಲ, ನಿನ್ನದೂ ತಪ್ಪಲ್ಲ, ಬಂಡೆಗಳ ತಪ್ಪು. ಮೊಟ್ಟೆ ಸುಲಿಯುತ್ತ ಕೂತಿದ್ದ ಪಿಟೀಲು ತಲೆ ಎತ್ತದೆಯೇ ಕೇಳಿದಳು. "ಒಂದು ಮಾತು ಕೇಳ್ಲಾ? ಇದು ಸುತ್ತುದಾರಿ. ನಡುವೆ ನಿಂತವರಿಗೆ ಮುಂದೆ ಹೋದ್ರೂ ಅಷ್ಟೇ ದೂರ, ಹಿಂದೆ ಹೋದ್ರೂ ಅಷ್ಟೇ ದೂರ. ಹೇಗೂ ಬಸ್ ಸ್ಟಾಪಿಗೆ ಹೋಗ್ಬೇಕಿತ್ತಲ್ಲ. ಮುಂದಕ್ಕೆ ಯಾಕೆ ಹೋಗ್ಲಿಲ್ಲ ನೀನು? ಇಪ್ಪತ್ತೆರಡು ನಿಮಿಷಕ್ಕೆ ಸಿಗ್ತಿದ್ರಲ್ಲ ದೊಡ್ಡಮ್ಮ."

ಯಾಕೆ ಹೋಗಲಿಲ್ಲವೆಂದು ನನಗೆ ಗೊತ್ತಿತ್ತು. ಮುಂದೆ ಹೋದರೆ ನಿನ್ನನ್ನು ಹುಡುಕಿಕೊಂಡು ಹೋದ ಹಾಗಾಗುತ್ತಿತ್ತು. ಅರ್ಧ ನಾನು ಬಂದಿದ್ದೇನೆ, ಇನ್ನರ್ಧ ಅವಳು ಬರಲಿ, ಅದಕ್ಕಿಂತ ಒಂದು ಹೆಜ್ಜೆ ಹೆಚ್ಚಿಗೆ ಇಡುವುದಿಲ್ಲ ಎಂಬ ಹಟ. ಕ್ಷಮೆ ಕೇಳಲು ಬಂದವಳ ಹಟ ನೋಡು. ಮನಸ್ಸು ನೋಯಿಸಿದವಳು ನಾನು, ಎರಡು ಊರು ದಾಟಿಯಾದರೂ ಬರಬೇಕಾದವಳು ನಾನು. ನೀನೂ ಬಂದ ದಾರಿಯಲ್ಲೇ ಇಳಿದೆ, ನಿಜ. ಆದರೆ ನೀನು ಯಾಕೆ ಮುಂದೆ ಬರಬೇಕಿತ್ತು? ನಾನು ಏನನ್ನು ಕೊಟ್ಟಿದ್ದೆನೆಂದು? ಹಾಗಾಗಿ ಬಂಡೆಗಳನ್ನು ಬಿಟ್ಟುಬಿಡೋಣ. ಅವು ತಪ್ಪಿಸಿದ್ದು ಒಂದು ದಿನವನ್ನು. ಹತ್ತೊಂಬತ್ತು ವರ್ಷ ತಪ್ಪಿಸಿದ್ದು ನಾನು.

ಮನೆಗೆ ಬಂದು ಮಾವನಿಗೆ ಫೋನು ಮಾಡಿದೆ. ಎಂಬತ್ತು ದಾಟಿದೆ, ಒಂದು ಕಿವಿ ಪೂರ್ತಿ ಹೋಗಿದೆ. "ಮಾವ, ಅಕ್ಕ ಸುಳ್ಳು ಹೇಳಿರ್ಲಿಲ್ಲ" ಎಂದೆ. "ಏನು? ಕೇಳಿಸ್ಲಿಲ್ಲ, ಜೋರಾಗಿ ಹೇಳು" ಎಂದರು. ಜೋರಾಗಿ ಹೇಳಿದೆ. "ಈ ಕಿವಿ ಕೇಳಲ್ಲ, ಇರು, ಆ ಕಿವಿಗೆ ಇಡ್ತೀನಿ" ಎಂದರು. ಮೂರನೆಯ ಸಲ ಬೀದಿಗೆಲ್ಲ ಕೇಳುವ ಹಾ‌ಗೆ ಕೂಗಿದೆ. ಪಕ್ಕದ ಮನೆಯ ಕಿಟಕಿ ತೆರೆಯಿತು. ಆಮೇಲೆ ಮೆಲ್ಲನೆಯ ದನಿಯಲ್ಲಿ, "ಹೂಂ, ವಿಳಾಸ ಬರ್ಕೋ" ಎಂದರು. ಮುದುಕನಿಗೆ ಮೊದಲನೆಯ ಸಲವೇ ಕೇಳಿಸಿತ್ತು ಎಂಬುದು ನನ್ನ ಅನುಮಾನ.

ನೀನು ಕೆಲಸದಿಂದ ನಿವೃತ್ತಳಾಗಿ, ಶಾಲೆಯ ಹಿಂದಿನ ರಸ್ತೆಯಲ್ಲೇ ಮೂರನೆಯ ಮಹಡಿಯಲ್ಲಿ ಇದ್ದೀಯಂತೆ. ಲಿಫ್ಟ್ ಇದೆ, ಆದರೆ ವಾರಕ್ಕೆರಡು ಸಲ ಕೆಡುತ್ತದಂತೆ. ಇದನ್ನು ಕೇಳಿ ಪಿಟೀಲಿಗೆ ಕೈ ತುರಿಸುತ್ತಿದೆ.

ಅಕ್ಕಾ, ನಾನು ಆಡಿದ ಮಾತಿಗೆ ಕ್ಷಮಿಸು. ನಾಲ್ಕು ವರ್ಷ ನನ್ನ ಮಗಳನ್ನು ನಿನ್ನ ಕಾಲ ಮೇಲೆ ಬೆಳೆಸಿದ್ದಕ್ಕೆ ನಿನಗೆ ಸಿಕ್ಕಿದ್ದು ಆ ಒಂದು ಮಾತು. ಸುಳ್ಳುಗಾತಿ ಎಂದದ್ದಕ್ಕೂ ಕ್ಷಮಿಸು. ಕ್ಷಮಿಸಲಾಗದಿದ್ದರೆ ಅದನ್ನೂ ನನ್ನ ಮುಖ ನೋಡಿಯೇ ಹೇಳು. ಈ ಸಲ ಎಲ್ಲಿಗೋ ಬಾ, ನಡುವೆ ಎಲ್ಲಾದರೂ ಸಿಗೋಣ ಎಂದು ನಾನು ಕರೆಯುವುದಿಲ್ಲ. ಬರುವ ಶನಿವಾರ ಹನ್ನೊಂದೂವರೆಯ ಬಸ್ಸಿಗೆ ನಾವಿಬ್ಬರೂ ಬಂದು ಇಳಿಯುತ್ತೇವೆ. ನಿನ್ನ ಬಾಗಿಲವರೆಗೂ ಬರುತ್ತೇವೆ. ನೀನು ತೆಗೆಯದಿದ್ದರೆ ಕೆಳಗೆ ಲಿಫ್ಟ್ ಸರಿ ಮಾಡಿಕೊಂಡು ಮರಳುತ್ತೇವೆ, ಅದರ ಮುಂದಿನ ಶನಿವಾರ ಮತ್ತೆ ಬರುತ್ತೇವೆ.

ಇಷ್ಟು ಬರೆಯುವಾಗ ಪಿಟೀಲು ಹಿಂದೆ ಬಂದು ನಿಂತು ಓದಿದಳು. ಅವಳಿಗೆ ನಿನ್ನ ಮುಖ ನೆನಪಿಲ್ಲವಂತೆ. ಮಸಿಯ ವಾಸನೆ ನೆನಪಿದೆಯಂತೆ, ಯಾರದೋ ಕಾಲು ಮೇಲೆ ಕೆಳಗೆ ಕುಣಿಯುತ್ತಿದ್ದದ್ದು ನೆನಪಿದೆಯಂತೆ. ಆಮೇಲೆ "ಬಾಗಿಲು ತೆಗೆದ್ರೆ ಅವ್ರನ್ನ ಏನಂತ ಕರೀಲಿ ಅಮ್ಮ?" ಎಂದು ಕೇಳಿದಳು. "ಬಾಯಿಗೆ ಏನು ಬರುತ್ತೋ ಹಾಗೇ ಕರಿ" ಎಂದೆ. ನಿಜವಾಗಿ ಹೇಳುತ್ತಿದ್ದೇನೆ ಅಕ್ಕ, ಅವಳು ನಿನ್ನನ್ನು ಏನೆಂದು ಕರೆದರೂ ಕರೆಯಲಿ, ನಾನು ಪಕ್ಕದಲ್ಲೇ ನಿಂತಿರುತ್ತೇನೆ. ನೀನು ಅವಳನ್ನು ತಿದ್ದಬೇಡ.

ಶನಿವಾರದವರೆಗೆ ನಿನ್ನ ಆರೋಗ್ಯ ಚೆನ್ನಾಗಿರಲಿ, ಕಾಲಿಗೆ ಕಸುವಿರಲಿ, ನನ್ನನ್ನು ಬೈಯುವುದಕ್ಕೆ ದನಿಯಿರಲಿ.

ನಿನ್ನ ಕಡೆಯ ದಾರಿಯನ್ನು ಇಷ್ಟು ತಡವಾಗಿ ನಡೆದ
ನಿನ್ನ ತಂಗಿ